ಅಕ್ಕನ ಮನೆಯ ಮಣ್ಣು

ಎರೆಹುಳುಗಳನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಮಣ್ಣಮ್ಮನನ್ನು ನೋಡಬೇಕಿತ್ತು. ಲ್ಯಾಬಿನ ಹಿಂದಿನ ಜಗಲಿಯಲ್ಲಿ ಕೂತು ಜರಡಿ ಆಡಿಸುತ್ತಾ, ಒಳಕೋಣೆಯ ಗಾಜಿನ ಕಿಟಕಿಯತ್ತ ನೋಡಿ ಹಲ್ಲು ಕಡಿಯುತ್ತಿದ್ದಳು.

ಮಣ್ಣಮ್ಮ ಎಂದು ಕರೆದವರು, ಮಣ್ಣಿನಲ್ಲಿ ಎಷ್ಟು ವಿಷವಿದೆ ಎಂದು ಹುಳ ಬಿಟ್ಟು ನೋಡುವ ಆ ಲ್ಯಾಬಿನವರು. ಮಣ್ಣು ಅಗೆಯುವವಳು, ಹೊರುವವಳು, ಜರಡಿ ಹಿಡಿದು ಡಬ್ಬಿ ತುಂಬುವವಳು ಅವಳೇ. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯ ಹಿಂದೆ ಒಂದು ಹೊಂಡವಿತ್ತು. ಕಾರ್ಖಾನೆಯ ಹೊಲಸೆಲ್ಲ ಹರಿದು ಬಂದು ನಿಲ್ಲುವುದು ಅಲ್ಲಿಯೇ. ಆ ಹೊಂಡದ ದಂಡೆಯಲ್ಲಿ ಅವಳು ಮೊಣಕಾಲು ಊರಿ ಅಗೆಯಬೇಕು. ಮಣ್ಣು ಕಪ್ಪಗೆ, ಅಂಟಂಟು. ಹುಳಿ ನಾತ. ಬರಿಗೈಯಲ್ಲಿ ಮುಟ್ಟಿದರೆ ಬೆರಳ ಸಂದಿ ಉರಿಯುತ್ತದೆ, ಒಂದು ವಾರದಲ್ಲಿ ಚರ್ಮ ಸುಲಿಯುತ್ತದೆ. ಅವಳ ಉಗುರುಗಳು ಅರ್ಧಕ್ಕೆ ಸವೆದಿದ್ದವು. ಅನ್ನ ಕಲಸುವಾಗ ಕೈ ಚುರುಗುಟ್ಟುತ್ತಿತ್ತು. ಗಂಡನೂ ಅದೇ ಕಾರ್ಖಾನೆಯ ಒಲೆಯ ಮುಂದೆ ನಿಲ್ಲುವವನು. ಅವನಿಗೆ ಕೆಮ್ಮು, ಇವಳಿಗೆ ಕೈ.

ಹುಳಗಳಿಗೆ ಏನಿತ್ತು? ಹುಳಗಳಿಗೆ ತಣ್ಣನೆಯ ಕೋಣೆ ಇತ್ತು. ಬಿಸಿಲು ತಾಗದಂತೆ ಕಿಟಕಿಗೆ ಪರದೆ. ಸೆಕೆಯಾದರೆ ತಾನೇ ಗಾಳಿ ಊದುವ ಯಂತ್ರ. ಒಣ ಸಗಣಿಯ ಪುಡಿ ಹೊತ್ತುಹೊತ್ತಿಗೆ. ಹುಳದ ಮೇಡಂ ಅವುಗಳನ್ನು ಮುಟ್ಟುವ ಮೊದಲು ತೆಳುವಾದ ಗ್ಲೌಸು ಹಾಕಿಕೊಳ್ಳುತ್ತಿದ್ದರು.

"ಯಾಕೆ ಮೇಡಂ, ಹುಳ ಕಚ್ಚುತ್ತಾ?" ಎಂದು ಮಣ್ಣಮ್ಮ ಒಮ್ಮೆ ಕೇಳಿದ್ದಳು.

"ಅಯ್ಯೋ ಇಲ್ಲಮ್ಮ. ನಮ್ಮ ಕೈ ಬೆವರು ಅದರ ಮೈಗೆ ಆಗಲ್ಲ. ತುಂಬಾ ಸೂಕ್ಷ್ಮ."

ಗ್ಲೌಸು ಇದ್ದದ್ದು ಮೇಡಂ ಕೈ ಕಾಯುವುದಕ್ಕಲ್ಲ, ಹುಳದ ಮೈ ಕಾಯುವುದಕ್ಕೆ. ಮಣ್ಣಮ್ಮ ತನ್ನ ಕೈ ನೋಡಿಕೊಂಡಳು. ಆ ಹೊತ್ತು ಅವಳಿಗೆ ಒಂದು ಹುಳವನ್ನು ಎತ್ತಿ ಹಿಸುಕಿಬಿಡಬೇಕು ಎನಿಸಿತು. ಸುಳ್ಳು ಹೇಳಬಾರದು, ನಿಜವಾಗಿಯೂ ಎನಿಸಿತು.

ಜಗಲಿಯಲ್ಲಿ ಒಂದು ನಲ್ಲಿ ಇತ್ತು. ಸೋಸಿದ ನೀರಿನ ನಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಣ್ಣಮ್ಮ ಹೊಂಡದಿಂದ ಬಂದವಳೇ ಅದನ್ನು ತಿರುಗಿಸಿ ಕೈ ಒಡ್ಡಿದಳು. ತಣ್ಣಗೆ ಹಾಯೆನಿಸಿತು. ಅಷ್ಟರಲ್ಲಿ ದೊಡ್ಡ ಸಾರ್ ಕೂಗು ಕೇಳಿತು. ಇಡೀ ಲ್ಯಾಬಿಗೆ ಅವರೇ ಯಜಮಾನರು.

"ಏಯ್! ಮುಟ್ಟಬೇಡ! ಅದು ಹುಳಕ್ಕೆ ಅಂತ ಇಟ್ಟಿರೋ ನೀರು. ನಿನ್ನ ಕೈಯಲ್ಲಿರೋ ವಿಷ ಎಲ್ಲ ಅಲ್ಲಿ ಬಳೀತೀಯಾ? ಗುದ್ದಲಿ, ಚೀಲ, ಕೈಕಾಲು, ಎಲ್ಲ ಮನೆಗೆ ಹೋಗಿ ತೊಳ್ಕೊ. ಇಲ್ಲಿ ತೊಳೆದ್ರೆ ನಮ್ಮ ಚರಂಡಿ ಕಟ್ಕೊಳ್ಳುತ್ತೆ."

ಎಲ್ಲರ ಮುಂದೆ. ಜಾಡಮಾಲಿಯೂ ನಿಂತು ನೋಡಿದ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನಲ್ಲಿ ನಿಲ್ಲಿಸಿದಳು. ಅಂದಿನಿಂದ ಗುದ್ದಲಿ, ಚೀಲ, ಜರಡಿ ಎಲ್ಲ ಮನೆಯ ಬಾಗಿಲ ಮುಂದೆಯೇ ತೊಳೆಯುವುದು. ಅವರ ಬೀದಿಗೆ ನೀರು ಬರುವುದೇ ಅಪರೂಪ. ತೊಳೆದ ನೀರನ್ನು ಸುಮ್ಮನೆ ಚೆಲ್ಲಲು ಮನಸ್ಸು ಬರದೆ, ಹೊಸಿಲ ಪಕ್ಕದಲ್ಲಿ ಕುಂಬಳದ ಬೀಜ ಊರಿ ಅದರ ಬುಡಕ್ಕೆ ಸುರಿಯುತ್ತಿದ್ದಳು. ಗಂಡನ ಕಾರ್ಖಾನೆ ಬಟ್ಟೆ ಒಗೆದ ನೀರೂ ಅಲ್ಲಿಗೇ. ಬಳ್ಳಿ ಹಬ್ಬಿತು. ಹೂವು ಮಾತ್ರ ನಿಲ್ಲಲಿಲ್ಲ, ಉದುರಿ ಹೋಗುತ್ತಿತ್ತು. ಮಣ್ಣೋ, ಕಪ್ಪಗೆ ಮೆತ್ತಗೆ ಆಗಿ, ಕೈಯಲ್ಲಿ ಹಿಡಿದರೆ ಮುದ್ದು ಬರುವ ಹಾಗಿತ್ತು.

ಆ ಮಣ್ಣನ್ನು ಮಗಳು ತಿನ್ನುತ್ತಿದ್ದಳು. ಗುಬ್ಬಿ ಎಂದು ಕರೆಯುತ್ತಿದ್ದರು, ಮೈ ಅಷ್ಟೇ ಇತ್ತು. ಅಮ್ಮ ಕಣ್ಣು ಮರೆಯಾದರೆ ಸಾಕು, ಬಳ್ಳಿಯ ಬುಡದಲ್ಲಿ ಕೂತು ಬೆರಳಲ್ಲಿ ಕೆದಕಿ ಬಾಯಿಗೆ ಹಾಕಿಕೊಳ್ಳುವಳು. ಮಣ್ಣಮ್ಮ ಬೆನ್ನಿಗೆ ಗುದ್ದಿ, ಬಾಯೊಳಗೆ ಬೆರಳು ಹಾಕಿ ತೆಗೆಯುವಳು. ಆಮೇಲೆ ತಾನೇ ಸಮಾಧಾನ ಹೇಳಿಕೊಳ್ಳುವಳು, ಮಕ್ಕಳು ಮಣ್ಣು ತಿನ್ನದೆ ಇನ್ನೇನು ತಿಂತವೆ, ಹೊಂಡದ ಮಣ್ಣಂತೂ ಅಲ್ಲವಲ್ಲ. ಗುಬ್ಬಿಗೆ ಹೊಟ್ಟೆನೋವು ಬಿಡುತ್ತಿರಲಿಲ್ಲ. ಆಡುವ ಮಗು ಆಡುತ್ತಿರಲಿಲ್ಲ, ಗೋಡೆಗೆ ಒರಗಿ ಕೂತಿರುತ್ತಿತ್ತು. ಗುಬ್ಬಿಯ ಬೆನ್ನಿಗೆ ಎರಡು ಸಲ ಮಣ್ಣಮ್ಮನ ಬಸಿರು ನಿಂತು ಇಳಿದುಹೋಗಿತ್ತು.

ಅದೇ ದಿನಗಳಲ್ಲಿ ಹೊಂಡದ ಮಣ್ಣಿನಲ್ಲಿ ಬಿಟ್ಟ ಹುಳಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಮೈ ಸಣ್ಣಗಾಯಿತು. ಬಾಲದ ತುದಿ ಕೊಳೆತು ಉದುರಿತು. ಮೈಮೇಲೆ ಗಂಟು ಗಂಟು ಎದ್ದು ಹಳದಿ ನೀರು ಸೋರಿತು. ಮೇಡಂ ಒಂದನ್ನು ಗಾಜಿನ ತಟ್ಟೆಗೆ ಎತ್ತಿ, ತೂಗಿ, "ಪಾಪ, ಪಾಪ" ಎಂದರು. ಕಿಟಕಿಯಾಚೆ ಜರಡಿ ಹಿಡಿದವಳಿಗೆ ಆ ಮಾತು ಎದೆಗೆ ಒದ್ದಂತಾಯಿತು. ಮೈ ತೂಕ ಕಡಿಮೆಯಾದ ಹುಳಕ್ಕೆ ಪಾಪ. ಮೊಟ್ಟೆ ಇಡದ ಹುಳಕ್ಕೆ ಪಾಪ. ತನ್ನ ಹೊಟ್ಟೆ ಎರಡು ಸಲ ಬರಿದಾದಾಗ ಪಾಪ ಎಂದವರು ಯಾರು? ಅತ್ತೆ ಮುಖ ತಿರುಗಿಸಿದ್ದಳು. ಲ್ಯಾಬಿನವರು ಕೂಲಿ ಹಿಡಿದಿದ್ದರು.

ಆದರೆ ಅವಳ ಹೊಟ್ಟೆಯ ಕಿಚ್ಚಿಗೆ ಎಣ್ಣೆ ಸುರಿದದ್ದು ಇನ್ನೊಂದು ಪರೀಕ್ಷೆ.

ಉದ್ದನೆಯ ಡಬ್ಬಿ. ನಡುವೆ ಒಂದು ತಗಡು ನಿಲ್ಲಿಸಬೇಕು. ಒಂದು ಕಡೆ ಹೊಂಡದ ಮಣ್ಣು, ಇನ್ನೊಂದು ಕಡೆ ಒಳ್ಳೆಯ ಮಣ್ಣು ತುಂಬಬೇಕು. ತುಂಬುವುದು ಮಣ್ಣಮ್ಮ. ತಗಡು ಎತ್ತಿ, ನಡುಗೆರೆಯ ಮೇಲೆ ಹುಳಗಳನ್ನು ಬಿಟ್ಟು, ತೂತಿನ ಮುಚ್ಚಳ ಮುಚ್ಚುವುದು ಮೇಡಂ. ಎರಡು ದಿನ ಬಿಟ್ಟು ಮತ್ತೆ ತಗಡು ಇಳಿಸಿ, ಯಾವ ಕಡೆ ಎಷ್ಟು ಹುಳ ಹೋಗಿವೆ ನೋಡುವುದು.

"ಅಂದ್ರೆ ಹುಳಾನ ಕೇಳೋದಾ ಮೇಡಂ? ಯಾವ ಮಣ್ಣಲ್ಲಿ ಇರ್ತೀಯಾ ಅಂತ?"

ಮೇಡಂ ನಕ್ಕರು. "ಹಾಗೇ ಅಂದ್ಕೋ."

ಅಂದು ಮಣ್ಣಮ್ಮನಿಗೆ ಊಟ ಸೇರಲಿಲ್ಲ. ಹುಳವನ್ನು ಕೇಳುತ್ತಾರೆ! ಕಣ್ಣಿಲ್ಲದ, ಕಿವಿಯಿಲ್ಲದ, ಮೂಳೆಯಿಲ್ಲದ ಹುಳವನ್ನು ಕೂರಿಸಿ ಎಲ್ಲಿರುತ್ತೀಯಪ್ಪಾ ಎಂದು ಕೇಳುತ್ತಾರೆ. ತನ್ನನ್ನು ಯಾರು ಕೇಳಿದ್ದರು? ತಾಳಿ ಕಟ್ಟಿ ಆ ಬೀದಿಗೆ ತಂದು ಬಿಟ್ಟರು, ಇದ್ದಳು.

ಇನ್ನು ಆ ಒಳ್ಳೆಯ ಮಣ್ಣು ಎಲ್ಲಿಯದು? ಅಕ್ಕನ ಮನೆಯದು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಬೇರೆ ಬೇಕೇ?

ಒಡಹುಟ್ಟಿದ ಅಕ್ಕ. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಅಮ್ಮನ ಮಗ್ಗುಲು ಅಕ್ಕನಿಗೆ, ಗೋಡೆಯ ಕಡೆ ಇವಳಿಗೆ. ಹೊಸ ಲಂಗ ಅಕ್ಕನಿಗೆ, ಅದೇ ಹಳೆಯದಾದ ಮೇಲೆ ಇವಳಿಗೆ. ಮದುವೆಯೂ ಹಾಗೆಯೇ ಆಯಿತು. ಅಕ್ಕನನ್ನು ಕೊಟ್ಟದ್ದು ಗುಡ್ಡದ ಮೇಲಿನ ಮನೆಗೆ. ಕಾರ್ಖಾನೆಯ ಹೊಗೆ ಅತ್ತ ಹೋಗುವುದಿಲ್ಲ, ಚರಂಡಿಯೂ ಇಲ್ಲ. ಹಿತ್ತಲಲ್ಲಿ ಸೊಪ್ಪು, ಬದನೆ, ಎರಡು ಹಸು. ಲ್ಯಾಬಿನವರು ಸುತ್ತಮುತ್ತಲ ಮಣ್ಣನ್ನೆಲ್ಲ ನೋಡಿ ಕಡೆಗೆ ಆರಿಸಿದ್ದು ಅಕ್ಕನ ಹಿತ್ತಲ ಮಣ್ಣನ್ನು. ಅದನ್ನು ಅಗೆದು ಗುಡ್ಡ ಇಳಿಸಿ ತರುವ ಕೆಲಸ ತಂಗಿಯದು.

ಹುಳಗಳೋ, ಪ್ರತಿ ಸಲವೂ ಅಕ್ಕನ ಕಡೆಗೇ ಹೋಗುತ್ತಿದ್ದವು. ತಪ್ಪಿ ಒಂದಾದರೂ ಈಚೆ ಉಳಿಯಬೇಡವೇ? ಇಲ್ಲ.

"ನಮ್ಮಮ್ಮನ ಥರಾನೇ ಈ ಹುಳಗಳೂನೂ" ಎಂದು ಮಣ್ಣಮ್ಮ ಗೊಣಗಿದಳು. ಮೇಡಂಗೆ ಅರ್ಥವಾಗಲಿಲ್ಲ.

ಅಕ್ಕ ಕೆಟ್ಟವಳಲ್ಲ. ಬಾಯಿ ಮಾತ್ರ ಸುಮ್ಮನಿರದು. ಒಂದು ದಿನ ಮಣ್ಣು ತರಲೆಂದು ಮಣ್ಣಮ್ಮ ಗುಬ್ಬಿಯನ್ನು ಕಂಕುಳಲ್ಲಿ ಎತ್ತಿಕೊಂಡು, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದ್ದಳು. ಅಕ್ಕನ ಮಕ್ಕಳು ಹಿತ್ತಲಲ್ಲಿ ಒಂದರ ಮೇಲೊಂದು ಬಿದ್ದು ಕಿರುಚಾಡುತ್ತಿದ್ದವು. ಗುಬ್ಬಿ ಇಳಿಸಿದ ಕಡೆಯೇ ಕೂತಳು.

ಅಕ್ಕ ಅವಳ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಏನೇ ಇದು, ಕಡ್ಡಿ ಹಾಗಿದೆ ಕೂಸು. ಹೊಟ್ಟೆಗೆ ಹಾಕ್ತೀಯೋ ಇಲ್ವೋ? ನೋಡು, ನಮ್ಮ ಮಣ್ಣಲ್ಲಿ ಆ ಹುಳಗಳೇ ಹೇಗೆ ಕೊಬ್ಬಿವೆ ಅಂತ ನಿಮ್ಮ ಮೇಡಂ ಹೇಳ್ತಿದ್ರು. ನೀನು ಒಂದು ಮಗೂನ ಸಾಕೋಕಾಗಲ್ವಾ?"

ತಮಾಷೆಗೆ ಹೇಳಿದ ಮಾತು. ಮಣ್ಣಮ್ಮನ ಕಿವಿ ಬಿಸಿಯಾಯಿತು. "ನಿನ್ನ ಮಣ್ಣು ನೀನೇ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೋ" ಎಂದು ಚೀಲ ಝಾಡಿಸಿ, ಗುಬ್ಬಿಯನ್ನು ಎತ್ತಿಕೊಂಡು ಎದ್ದುಬಿಟ್ಟಳು. ಅಕ್ಕ ಹಿಂದಿನಿಂದ ಕೂಗಿದಳು. ಇವಳು ತಿರುಗಿ ನೋಡಲಿಲ್ಲ.

ಆದರೆ ಚೀಲ ತುಂಬಲೇಬೇಕಲ್ಲ? ಮನೆಗೆ ಬಂದವಳು ಬಾಗಿಲಲ್ಲಿ ನಿಂತಳು. ಕುಂಬಳದ ಬುಡದಲ್ಲಿ ಮಣ್ಣು ಕಪ್ಪಗೆ ಮಿನುಗುತ್ತಿತ್ತು. ಅಕ್ಕನ ಹಿತ್ತಲಿನದೂ ಕಪ್ಪೇ, ಆದರೆ ಮರಳು ಮರಳು. ನನ್ನದು ಯಾವುದರಲ್ಲಿ ಕಡಿಮೆ? ಒಂದು ಸಲ, ಒಂದೇ ಒಂದು ಸಲ, ಆ ಹುಳಗಳು ನನ್ನ ಕಡೆ ಬರಲಿ. ಆಮೇಲೆ ಗುಡ್ಡ ಹತ್ತಿ ಅಕ್ಕನಿಗೆ ಹೇಳುತ್ತೇನೆ. ಅವಳು ಗುದ್ದಲಿ ಎತ್ತಿ ತನ್ನ ಹೊಸಿಲ ಮಣ್ಣನ್ನೇ ಚೀಲಕ್ಕೆ ತುಂಬಿದಳು. ಜರಡಿ ಹಿಡಿದಳು. ಲ್ಯಾಬಿಗೆ ಒಯ್ದು, ಎಂದೂ ಇಲ್ಲದ ಅಕ್ಕರೆಯಿಂದ ನೀರು ಚಿಮುಕಿಸಿ, ಹದ ಮಾಡಿ, ಡಬ್ಬಿಯ ಒಳ್ಳೆಯ ಕಡೆಗೆ ಹಾಕಿ ತಟ್ಟಿದಳು. ಹೊಂಡದ ಮಣ್ಣು ಇನ್ನೊಂದು ಕಡೆ.

ಆ ಎರಡು ದಿನ ಅವಳು ಮದುವಣಗಿತ್ತಿಯ ಹಾಗೆ ಚಡಪಡಿಸಿದಳು. ಗಂಡ ಕೂಡ ಕೇಳಿದ, "ಏನೇ, ಒಬ್ಬಳೇ ನಗ್ತಿದ್ದೀಯ?"

ಮೇಡಂ ಮುಚ್ಚಳ ತೆಗೆದಾಗ ಮಣ್ಣಮ್ಮ ಕೋಣೆಯ ಹೊಸಿಲಾಚೆಯಿಂದ ಕತ್ತು ಚಾಚಿದಳು. ಮುಚ್ಚಳದ ಒಳಮೈಗೇ ಕೆಲವು ಹುಳಗಳು ಅಂಟಿದ್ದವು. ತೂತಿನಲ್ಲಿ ತಲೆ ತುರುಕಿ, ಹೊರಗೆ ಬರಲಾಗದೆ ಅಲ್ಲಿಯೇ ಒಣಗಿದ್ದವು. ಮೇಡಂ ತಗಡು ಇಳಿಸಿ ಎರಡೂ ಕಡೆಯ ಮಣ್ಣನ್ನು ಎರಡು ತಟ್ಟೆಗೆ ಸುರಿದರು. ಉಳಿದ ಹುಳಗಳು ಅರ್ಧ ಅಲ್ಲಿ, ಅರ್ಧ ಇಲ್ಲಿ. ಸಾಯುತ್ತಿದ್ದವು ಎರಡೂ ಕಡೆ. ಒಂದೇ ತರಹದ ಗಂಟುಗಳು, ಒಂದೇ ಹಳದಿ ನೀರು.

"ಇದೇನಿದು?" ಮೇಡಂ ಹುಬ್ಬು ಗಂಟಿಕ್ಕಿದರು. "ಎರಡೂ ಒಂದೇ ಮಣ್ಣು ಅನ್ನೋ ಹಾಗೆ…"

ಮಣ್ಣಮ್ಮನಿಗೆ ಮೊದಲು ಬಂದದ್ದು ಅವಮಾನ. ಹುಳಗಳು ತನ್ನ ಹೊಸಿಲಿಗೂ ಹೊಂಡಕ್ಕೂ ವ್ಯತ್ಯಾಸವನ್ನೇ ಕಾಣಲಿಲ್ಲ. ಆಮೇಲೆ ನೆನಪಾದದ್ದು ಗುಬ್ಬಿಯ ಬಾಯಿ. ತಾನು ಬೆರಳು ಹಾಕಿ ತೆಗೆದ ಕಪ್ಪು ಮಣ್ಣು. ತೆಗೆದದ್ದು ಎಷ್ಟು, ಒಳಗೆ ಹೋದದ್ದು ಎಷ್ಟು?

ದೊಡ್ಡ ಸಾರ್ ಕೋಣೆಗೆ ಕರೆ ಬಂತು. ಬಿಳಿ ನೆಲ. ಅಲ್ಲಿಗೆ ಮಣ್ಣಿನ ಕಾಲಲ್ಲಿ ಬರಕೂಡದು, ಅವಳು ಬಾಗಿಲಾಚೆ ಗೋಣಿಯ ಮೇಲೆ ನಿಲ್ಲಬೇಕು. ಮೇಡಂ ಎರಡು ತಟ್ಟೆಗಳನ್ನು ಮೇಜಿನ ಮೇಲೆ ಇಟ್ಟಿದ್ದರು.

"ಎರಡೂ ಕಡೆ ಹೊಂಡದ ಮಣ್ಣೇ ತುಂಬಿದ್ದೀಯ. ಗುಡ್ಡ ಹತ್ತೋಕೆ ಸೋಮಾರಿತನ. ಅಲ್ವಾ?" ಎಂದರು ಸಾರ್.

"ಗುಡ್ಡದ ಮಣ್ಣಲ್ಲ ಸಾರ್, ಅದು ನಿಜ. ಆದ್ರೆ ಹೊಂಡದ್ದೂ ಅಲ್ಲ. ನಮ್ಮನೆ ಬಾಗಿಲ ಮುಂದಿಂದು."

ಸಾರ್ ಪೆನ್ನು ಕೆಳಗಿಟ್ಟರು. ಮೇಡಂ ಮುಖ ಬಿಳುಚಿತು. "ಬಾಗಿಲ ಮುಂದಾ? ಅಲ್ಲಿಗೆ ಹೇಗೆ…"

"ನೀವೇ ಹೇಳಿದ್ರಲ್ಲ ಸಾರ್, ಮನೆಗೆ ಹೋಗಿ ತೊಳ್ಕೊ ಅಂತ. ಗುದ್ದಲಿ, ಚೀಲ, ಎಲ್ಲಾ ಅಲ್ಲೇ ತೊಳ್ದೆ. ನನ್ನ ಮಗಳು ಆ ಮಣ್ಣು ತಿಂತಾಳೆ."

ಸಾರ್ ಒಮ್ಮೆ ಕೆಮ್ಮಿದರು.

"ನೋಡು, ಇದು ಇಲ್ಲಿಗೇ ಮುಗೀತು. ಪರೀಕ್ಷೆ ಕೆಟ್ಟುಹೋಯ್ತು ಅಂತ ಬರ್ಕೋತೀವಿ. ಈ ಕೆಲಸ ಮಾಡಿಸ್ತಿರೋರೇ ಕಾರ್ಖಾನೆಯವರು, ಗೊತ್ತಲ್ಲ? ಬೀದಿ ಗೀದಿ ಅಂತ ಹೊರಗೆ ಬಾಯಿ ಬಿಡಬೇಡ. ನಿನ್ನ ಗಂಡನೂ ಅಲ್ಲೇ ಇರೋದು. ಹೋಗು, ಗುಡ್ಡದಿಂದ ಮಣ್ಣು ತಾ." ಮತ್ತೆ ಮೇಡಂ ಕಡೆ ತಿರುಗಿದರು. "ಬದುಕಿರೋ ಹುಳಗಳನ್ನ ಬೇಗ ಒಳ್ಳೆ ಮಣ್ಣಿಗೆ ಹಾಕಿ. ಸತ್ತುಹೋಗ್ತವೆ."

ಒಂದೇ ಉಸಿರಲ್ಲಿ ಎರಡು ಮಾತು.

"ಹುಳಾನ ಬದಲಾಯಿಸ್ತೀರಿ" ಎಂದಳು ಮಣ್ಣಮ್ಮ. "ನನ್ನ ಮಗಳನ್ನ?"

"ಅದು ನಮ್ಮ ಕೆಲಸ ಅಲ್ಲ."

"ಹುಳಕ್ಕೆ ಪಾಪ ಅಂತೀರಿ. ಹುಳಾನ ತೂಗ್ತೀರಿ. ಹುಳಾನ ಕೇಳ್ತೀರಿ, ಎಲ್ಲಿರ್ತೀಯಾ ಅಂತ. ನಾನೇನು ಹುಳಕ್ಕಿಂತ ಕಡೆಯಾ ಸಾರ್?"

"ನಾಟಕ ಆಡಬೇಡ. ಹೋಗು ಅಂದೆ."

ಅವಳು ಗೋಣಿಯಿಂದ ಇಳಿದಳು. ಹೊರಗಲ್ಲ, ಒಳಗೆ. ಬಿಳಿ ನೆಲದ ಮೇಲೆ ಅವಳ ಕಾಲಿನ ಕಪ್ಪು ಗುರುತು ಒಂದೊಂದಾಗಿ ಬಿತ್ತು. ಮೇಜಿನ ಮೇಲಿನ ಎರಡೂ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಬದುಕಿದ್ದ ಹುಳಗಳನ್ನು ಬರಿಗೈಯಲ್ಲೇ ಆರಿಸಿ ಮೇಡಂ ಅಂಗೈಗೆ ಹಾಕಿದಳು. ಆಮೇಲೆ ಸಾರ್ ಕುರ್ಚಿಯ ಮುಂದೆ ಬಲಕ್ಕೆ ಒಂದು ತಟ್ಟೆ, ಎಡಕ್ಕೆ ಒಂದು ತಟ್ಟೆ ಸುರಿದಳು. ನಡುವೆ ಬೆರಳಲ್ಲಿ ಒಂದು ಗೆರೆ ಎಳೆದಳು.

"ಬೂಟು ಬಿಚ್ಚಿ ಸಾರ್. ಗೆರೆ ಮೇಲೆ ನಿಲ್ಲಿ. ಒಂದು ಕಡೆ ಹೊಂಡ, ಒಂದು ಕಡೆ ನನ್ನ ಮನೆ. ಯಾವ ಕಡೆ ಹೋಗ್ತೀರಿ? ನಾನು ನೋಡ್ತೀನಿ."

ಸಾರ್ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡರು.

ಬೂಟು ಇದ್ದ ಕಾಲು. ಆದರೂ ಎತ್ತಿಕೊಂಡರು.

"ಗೊತ್ತಾಯ್ತು ಬಿಡಿ" ಎಂದಳು ಮಣ್ಣಮ್ಮ.

"ಗುಡಿಸು ಇದನ್ನ! ಮೊದಲು ಗುಡಿಸು!"

"ಗುಡಿಸಲ್ಲ. ಅಗೆಯೋದೂ ಇಲ್ಲ."

ಮುಂಬಾಗಿಲಿನಿಂದ ಹೊರಗೆ ಬಂದಳು. ಕೆಲಸದವರಿಗೆ ಆ ಬಾಗಿಲಿಲ್ಲ. ಸುತ್ತು ಹಾಕಿ ಜಗಲಿಗೆ ಹೋಗಿ, ಹುಳದ ನಲ್ಲಿಯನ್ನು ಪೂರಾ ತಿರುಗಿಸಿ, ಮೊಣಕೈವರೆಗೆ ತೊಳೆದುಕೊಂಡಳು. ಜಾಡಮಾಲಿ ನೋಡುತ್ತಾ ನಿಂತ.

ಮನೆಗೆ ಹೋಗಿ ಗುಬ್ಬಿಯನ್ನು ಎತ್ತಿಕೊಂಡಳು. ಅಕ್ಕಪಕ್ಕದ ಹೆಂಗಸರನ್ನು ಬೀದಿಗೆ ಕರೆದು ಹುಳಗಳ ವಿಷಯ ಹೇಳಿದಳು, ಹೊಸಿಲ ವಿಷಯ ಹೇಳಿದಳು, ಕಾಲು ಎತ್ತಿಕೊಂಡದ್ದನ್ನೂ ಹೇಳಿದಳು. ಕೆಲವರು ನಕ್ಕರು. ಒಬ್ಬಾಕೆ ಒಳಗೆ ಓಡಿ ತನ್ನ ಕೂಸಿನ ಬಾಯಿ ಬಿಡಿಸಿ ನೋಡಿದಳು. ಆಮೇಲೆ ಯಾರೂ ನಗಲಿಲ್ಲ.

ಮಗಳನ್ನು ಮೊದಲು ಆಸ್ಪತ್ರೆಗೆ ಹೊತ್ತಳು. ರಕ್ತ ತೆಗೆದುಕೊಂಡರು. ಮೊದಲು ಆ ಜಾಗದಿಂದ ಮಗುವನ್ನು ದೂರ ಇಡಿ ಎಂದರು. ದೂರ ಎಂದರೆ ಎಲ್ಲಿ? ಅವಳಿಗೆ ಲೋಕದಲ್ಲಿ ಇದ್ದದ್ದು ಒಂದೇ ದೂರ. ಗುಡ್ಡ ಹತ್ತುವಾಗ ಒಂದೊಂದು ಹೆಜ್ಜೆಗೂ ಅವಳ ಹೊಟ್ಟೆ ಉರಿಯಿತು. ಕಡೆಗೂ ಇದನ್ನೂ ಅಕ್ಕನಿಗೇ ಕೊಡಬೇಕಾಯಿತಲ್ಲ!

ಅಕ್ಕ ಎಲ್ಲ ಕೇಳಿದಳು. ಗುಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಅದೇ ಕಡ್ಡಿ ತೋಳನ್ನು ಸವರಿದಳು. ಗುಬ್ಬಿ ಸಲೀಸಾಗಿ ಅಕ್ಕನ ಎದೆಗೆ ತಲೆ ಇಟ್ಟಳು. ಮಣ್ಣಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ಎಷ್ಟು ದಿನ ಅಂತ ಕೇಳಬೇಡ" ಎಂದಳು. "ನಿನ್ನ ಹತ್ತಿರ ಬಿಡೋದಕ್ಕೆ ನನಗೆ ಇಷ್ಟ ಇಲ್ಲ. ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ಚಿಕ್ಕಂದಿನಿಂದ ಉರಿಯುತ್ತೆ."

"ಗೊತ್ತು ಕಣೇ" ಎಂದಳು ಅಕ್ಕ. "ಉರೀಲಿ ಬಿಡು. ಕೂಸು ಇಲ್ಲಿರಲಿ."

ಬಿಸಿಲು ಇಳಿಯುವ ಮೊದಲೇ ಲ್ಯಾಬಿನ ಜೀಪು ಗುಡ್ಡ ಹತ್ತಿ ಬಂತು. ಡ್ರೈವರ್ ಖಾಲಿ ಚೀಲ ಹಿಡಿದು ಇಳಿದ. "ಸಾರ್ ಅರ್ಜೆಂಟ್ ಅಂದ್ರು. ಒಂದು ಚೀಲ ಮಣ್ಣು ಬೇಕಂತೆ. ಹುಳ ಸಾಯ್ತಾ ಇವೆ."

ಅಕ್ಕ ಗುಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ಗೇಟಿಗೆ ಅಡ್ಡ ನಿಂತಳು. ಸೆರಗು ಬಿಗಿದಳು. "ಮಣ್ಣೂ ಇಲ್ಲ, ಗಿಣ್ಣೂ ಇಲ್ಲ. ನನ್ನ ತಂಗಿ ಇರೋ ಬೀದಿಗೆ ಒಂದು ದಾರಿ ಮಾಡೋವರೆಗೂ ಇಲ್ಲಿಂದ ಒಂದು ಹಿಡಿ…"

ಮಣ್ಣಮ್ಮನ ಮೈಯೆಲ್ಲ ಭಗ್ಗೆಂದಿತು. ಮಣ್ಣು ಅಕ್ಕನದು, ಹಿತ್ತಲು ಅಕ್ಕನದು, ಈಗ ಗುಬ್ಬಿಯೂ ಅಕ್ಕನ ಸೊಂಟದಲ್ಲಿ. ಇದೊಂದು ಮಾತೂ ಅವಳಿಗೇ ಹೋಗಬೇಕೇ? ಅವಳು ಅಕ್ಕನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಸುಲಿದ ಕೈಯಲ್ಲಿ ಗೇಟನ್ನು ಹಿಡಿದು ನಿಂತಳು.

"ಕೊಡೋದಿಲ್ಲ ಅಂತ ಹೇಳು ನಿಮ್ಮ ಸಾರ್‌ಗೆ" ಎಂದಳು. "ಮೊದಲು ನಮ್ಮ ಬೀದಿಗೆ ಬಂದು, ಎಲ್ಲಿರ್ತೀರಾ ಅಂತ ನಮ್ಮನ್ನ ಕೇಳಲಿ. ಆಮೇಲೆ ಹುಳಾನ ಕೇಳಲಿ. ಮತ್ತೆ ಈ ಮಾತು ಹೇಳಿದ್ದು ಅಕ್ಕ ಅಲ್ಲ. ನಾನು. ಅದನ್ನೂ ಮರೀದೆ ಹೇಳು."